ಜೇಮ್ಸ್‌ಟೌನಿನ ಹಸಿವು, ಸಾವ್ಕಾರರ ಗ್ಯಾಸು

ಶಹಾಪುರ

ಇಪ್ಪತ್ತೆರಡು ವರ್ಷದಿಂದ ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಅಮೆರಿಕದ ಹದಿಮೂರು ಬ್ರಿಟಿಷ್ ವಸಾಹತುಗಳನ್ನು ವರ್ಷಕ್ಕೊಮ್ಮೆ ಕರಿಹಲಗೆಯ ಮೇಲೆ ಸ್ಥಾಪಿಸುತ್ತೇನೆ. ಅದೇ ವಾರದಲ್ಲಿ ಅವಕ್ಕೆ ಸ್ವಾತಂತ್ರ್ಯವನ್ನೂ ಕೊಡಿಸಿ ಹಲಗೆ ಒರೆಸಿಬಿಡುತ್ತೇನೆ. ಮೊದಲ ವಸಾಹತಾದ ಜೇಮ್ಸ್‌ಟೌನ್ ನಮ್ಮ ಮಕ್ಕಳಿಗೆ ಒಂದು ಅಂಕದ ಪ್ರಶ್ನೆ. ಅಲ್ಲಿ ಮನುಷ್ಯರಿದ್ದರು, ಅವರಿಗೆ ಹಸಿವಾಗುತ್ತಿತ್ತು, ಬಹಳಷ್ಟು ಮಂದಿ ಹಸಿವಿನಿಂದಲೇ ಸತ್ತರು ಎಂಬುದು ಪಾಠದಲ್ಲಿಲ್ಲ. ಪಾಠದಲ್ಲಿ ಇಲ್ಲದ್ದನ್ನು ನಾನೂ ಕಲಿಸಿರಲಿಲ್ಲ.

ಆ ಊರನ್ನು ಕಣ್ಣಾರೆ ನೋಡುವ ಯೋಗ ನನ್ನ ವಿದ್ವತ್ತಿನಿಂದ ಬಂತು ಎಂದು ಯಾರೂ ತಿಳಿಯಬೇಡಿ. ಅದು ಬಂದದ್ದು ಜೋಳದ ರೊಟ್ಟಿಯಿಂದ.

ನನ್ನ ದೊಡ್ಡವ್ವ, ಅಂದರೆ ಅವ್ವನ ಅಕ್ಕ ಮಲ್ಲವ್ವ, ಶಹಾಪುರದ ನಮ್ಮ ಓಣಿಯಲ್ಲಿ ಖಡಕ್ ರೊಟ್ಟಿ ಮಾಡುತ್ತಾಳೆ. ಆರು ವರ್ಷದಿಂದ ಅವಳ ರೊಟ್ಟಿ ಪೇಟೆಯ ಒಬ್ಬ ಸಾವ್ಕಾರರ ಕಿರಾಣಿ ಅಂಗಡಿಯಲ್ಲಿ ಮಾರಾಟವಾಗುತ್ತದೆ. ಸಾವ್ಕಾರರ ಹೆಸರು ಬೇಡ, ಸಾವ್ಕಾರರು ಅಂದರೆ ಸಾಕು. ಪಾಕೀಟಿನ ಮೇಲೆ ಮೂಗುತಿ ಇಟ್ಟುಕೊಂಡು ನಗುವ ಒಬ್ಬ ಗೌರವರ್ಣದ ಹೆಂಗಸಿನ ಚಿತ್ರವಿದೆ. ಅವಳು ಯಾರೋ, ನನ್ನ ದೊಡ್ಡವ್ವನಂತೂ ಅಲ್ಲ. ನನ್ನ ದೊಡ್ಡವ್ವ ಮೂಗುತಿ ಇಡುವುದಿಲ್ಲ, ಸುಮ್ಮಸುಮ್ಮನೆ ನಗುವುದೂ ಇಲ್ಲ.

ಹೋದ ಚಳಿಗಾಲದಲ್ಲಿ ನಮ್ಮ ಕಡೆಯ ಬಿಳಿಜೋಳ ನೋಡಲು ಅಮೆರಿಕದಿಂದ ಎಲೆನ್ ಎಂಬ ಹೆಣ್ಣುಮಗಳು ಬಂದಿದ್ದಳು. ಸಾವ್ಕಾರರ ಅಂಗಡಿಯ ಮುಂದೆ ನಿಂತು ಒಂದು ರೊಟ್ಟಿ ಮುರಿದು ತಿಂದಳು, ಇನ್ನೊಂದು ತಿಂದಳು, ಇದನ್ನು ಮಾಡುವವರು ಯಾರು ಎಂದು ಕೇಳಿದಳು. ಸಾವ್ಕಾರರು ಪಾಕೀಟಿನ ಮೇಲಿನ ಚಿತ್ರ ತೋರಿಸಿದರು. ಹಾಗಾದರೆ ಈ ಚಿತ್ರದಲ್ಲಿರುವವರನ್ನು ವರ್ಜೀನಿಯಾದಲ್ಲಿ ನಡೆಯುವ ನಮ್ಮ ಧಾನ್ಯ ಮೇಳಕ್ಕೆ ಕರೆದುಕೊಂಡು ಬನ್ನಿ, ನೀವೂ ಬನ್ನಿ, ಇಂಗ್ಲಿಷ್ ಬರುವವರೊಬ್ಬರು ಜೊತೆಗಿರಲಿ ಎಂದಳು ಆ ಪುಣ್ಯಾತ್ಗಿತ್ತಿ. ಹೀಗಾಗಿ ಸಾವ್ಕಾರರು ಆರು ವರ್ಷದಲ್ಲಿ ಮೊದಲ ಸಲ ನಮ್ಮ ಓಣಿಗೆ ಬಂದರು.

ಬೇವಿನ ಗಿಡದ ಕೆಳಗೇ ನಿಂತು ಅಮೆರಿಕದ ಸುದ್ದಿ ಹೇಳಿದರು. ಒಳಗೆ ಬರ್ರಿ ಅಂದರೆ "ಹೊತ್ತಾಗ್ಯದ ಟೀಚರ್" ಅಂದರು. ಚಹಾ ಅಂದರೆ "ಈಗ ಆತ್ರಿ" ಅಂದರು. ರೊಟ್ಟಿ ಹಂಚಿನ ಮೇಲಿದ್ದವು, ಬಿಸಿ ರೊಟ್ಟಿ ತಿನ್ನಿರಿ ಅಂದರೆ ಹೊಟ್ಟೆ ಸವರಿಕೊಂಡು "ಗ್ಯಾಸ್ ಆಗ್ಯದ" ಅಂದರು. ಪ್ರತಿ ಬಸವ ಜಯಂತಿಗೆ ಮೈಕು ಹಿಡಿದು ಸಮಾನತೆಯ ಮೇಲೆ ಮುಕ್ಕಾಲು ಗಂಟೆ ಮಾತಾಡುವ ಹೊಟ್ಟೆಗೆ ನಮ್ಮ ಓಣಿಗೆ ಬಂದ ಕೂಡಲೇ ಗ್ಯಾಸು ತುಂಬಿಕೊಂಡಿತ್ತು.

ಅವರು ಹೋದ ಮೇಲೆ ದೊಡ್ಡವ್ವ ಹಂಚು ಇಳಿಸಿ ನನ್ನನ್ನು ಕರೆದಳು.

"ನಾ ಬರ್ತೀನಿ ಸುಜಾತಾ. ಅಮೆರಿಕ ನೋಡಾಕಲ್ಲ. ಅಂವ ನನ್ನ ಕೈಯಾಗಿನ ರೊಟ್ಟಿ ಇಸಗೊಂಡು ನನ್ನ ಮುಂದ ಕುಂತು ತಿನ್ನೋದು ನೋಡಬೇಕು. ಅಷ್ಟ ನೋಡಿ ಸತ್ತರೂ ಅಡ್ಡಿಯಿಲ್ಲ."

ಇದರ ಹಿಂದಿನ ಕತೆ ಕೊಂಕಲ್ ಎಂಬ ಹಳ್ಳಿಯದು. ದೊಡ್ಡವ್ವ ಹುಡುಗಿಯಾಗಿದ್ದಾಗ ಅಲ್ಲಿ ಇದೇ ಸಾವ್ಕಾರರ ತಂದೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಮಧ್ಯಾಹ್ನ ಆಳುಗಳು ಸೆರಗು ಒಡ್ಡಿ ಕೂರಬೇಕು, ರೊಟ್ಟಿ ಮೇಲಿಂದ ಬೀಳುತ್ತಿತ್ತು. ಕೈಗೆ ಕೈ ತಾಕಬಾರದು, ಅಷ್ಟು ಎತ್ತರದಿಂದ. ಬಿದ್ದ ರೊಟ್ಟಿ ಮುರಿದು ಚೂರಾಗುತ್ತಿತ್ತು. ಆ ಚೂರುಗಳನ್ನು ಆರಿಸಿ ತಿಂದವಳು ಈಗ ಶಹಾಪುರದ ಅರ್ಧ ಪೇಟೆಗೆ ರೊಟ್ಟಿ ಮಾಡಿ ಕಳಿಸುತ್ತಾಳೆ. ಪಾಕೀಟು ಒಡೆದು ತಿನ್ನುವವರಿಗೆ ಇದು ಯಾರ ಕೈಯದು ಎಂದು ಗೊತ್ತಿಲ್ಲ. ಸಾವ್ಕಾರರಿಗೆ ಗೊತ್ತಿದೆ, ಅದಕ್ಕೇ ಅವರು ಮಾರುತ್ತಾರೆ, ತಿನ್ನುವುದಿಲ್ಲ.

ವಿಮಾನ

ಯಾದಗಿರಿಯಿಂದ ರೈಲಿನಲ್ಲಿ ಹೈದರಾಬಾದಿಗೆ ಹೋಗಿ ವಿಮಾನ ಹತ್ತಿದೆವು. ದೊಡ್ಡವ್ವ ಗಂಟುಗಟ್ಟಲೆ ಖಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಖಾರದ ಶೇಂಗಾ ಹಿಂಡಿ, ಒಂದು ಸಣ್ಣ ಚೀಲದಲ್ಲಿ ಬಿತ್ತುವ ಜೋಳ ಕಟ್ಟಿಕೊಂಡಿದ್ದಳು. ಸಾವ್ಕಾರರ ಮನೆಯವರು ಅವರಿಗೆ ಬೇರೆಯೇ ಒಂದು ದೊಡ್ಡ ಪೆಟ್ಟಿಗೆ ತುಂಬಿದ್ದರು: ಅವರ ಮನೆಯ ರೊಟ್ಟಿ, ಶೇಂಗಾ ಹೋಳಿಗೆ, ತುಪ್ಪ, ಚಟ್ನಿ ಪುಡಿ. ಹತ್ತು ದಿನ ಅವರು ಯಾರ ಕೈಯನ್ನೂ ನೋಡುವ ಹಂಗಿರಲಿಲ್ಲ.

ವಿಮಾನದಲ್ಲಿ ಒಬ್ಬ ಹುಡುಗಿ ತಳ್ಳುಗಾಡಿ ತಳ್ಳುತ್ತ ಬಂದು ಸಾವ್ಕಾರರಿಗೆ ಒಂದು ಬನ್ ಕೊಟ್ಟಳು. ಇಸಿದುಕೊಂಡು ತಿಂದರು. ಆ ಹುಡುಗಿ ಯಾವ ಊರವಳು, ಯಾರ ಪೈಕಿ, ಆ ಬನ್ ಬೇಯಿಸಿದವರು ಎಲ್ಲಿಯವರು, ಒಂದನ್ನೂ ಕೇಳಲಿಲ್ಲ. ನಾನು ನೋಡುತ್ತಿದ್ದೇನೆಂದು ಗೊತ್ತಾಗಿ "ಪ್ರಯಾಣದಾಗ ದೋಷ ಇಲ್ಲರಿ ಟೀಚರ್" ಅಂದರು. ನನಗೆ ಅವರು 'ರಿ' ಹಚ್ಚುತ್ತಾರೆ, ನಾನು ಸರಕಾರಿ ಸಂಬಳದವಳು. ತಮಗಿಂತ ಹದಿನೈದು ವರ್ಷ ಹಿರಿಯಳಾದ ದೊಡ್ಡವ್ವನಿಗೆ ಮಾತ್ರ "ಏ ಮಲ್ಲವ್ವ, ನೀ ಸರಿ ಅತ್ತಾಗ".

ವಾಷಿಂಗ್ಟನ್

ಇಳಿದ ಮೇಲೆ ಒಬ್ಬ ಅಧಿಕಾರಿ ದೊಡ್ಡವ್ವನ ಗಂಟು ಬಿಚ್ಚಿಸಿದ. ರೊಟ್ಟಿಯನ್ನು ಬೆರಳಿನಿಂದ ಟಕಟಕ ಬಡಿದ. ಇದನ್ನು ಗೋಡೆಗೆ ಹಾಕುತ್ತೀರಾ ಎಂದು ಕೇಳಿದ. ತಿನ್ನುತ್ತೇವೆ ಅಂದೆ. ನಂಬಲಿಕ್ಕಾಗದೆ ಇನ್ನೊಬ್ಬನನ್ನು ಕರೆದು ಅವನಿಂದಲೂ ಬಡಿಯಿಸಿದ. ಕೊನೆಗೆ ಬೇಯಿಸಿದ ಪದಾರ್ಥ ಎಂದು ತೀರ್ಮಾನಿಸಿ ಬಿಟ್ಟರು. ಆದರೆ ಬಿತ್ತುವ ಜೋಳದ ಚೀಲ ಕಂಡ ಕೂಡಲೇ ಇಬ್ಬರ ಮುಖವೂ ಗಂಟಾಯಿತು. ಹೊರಗಿನ ಬೀಜ ನಮ್ಮ ನೆಲಕ್ಕೆ ಬರುವಂತಿಲ್ಲ, ಬಂದರೆ ಇಲ್ಲಿನ ಬೆಳೆಗೆ ಅಪಾಯ ಎಂದು ಹೇಳಿ ಅದನ್ನು ಕಸದ ಡಬ್ಬಿಗೆ ಹಾಕಿದರು.

ದೊಡ್ಡವ್ವನಿಗೆ ಅನುವಾದಿಸಿ ಹೇಳಿದೆ. ಅವಳು ಡಬ್ಬಿಯನ್ನೇ ನೋಡುತ್ತ ನಿಂತಳು.

"ಹಿಂದಕ ಇವರ ಮಂದಿ ಹಡಗಿನ್ಯಾಗ ಬಂದಾಗ ಇಲ್ಲೊಬ್ಬಂವ ಹಿಂಗ ಕುಂತಿದ್ದನೇನು, ಚೀಲಾ ಬಿಚ್ಚಿ ನೋಡಾಕ?"

ಇಲ್ಲ ಅಂದೆ. ಕುಂತಿದ್ದರೆ ಚೆನ್ನಾಗಿತ್ತು ಅಂದಳು. ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಬ್ಬ ವಿದ್ಯಾರ್ಥಿಯೂ ಕೇಳದ ಪ್ರಶ್ನೆ ಅದು.

ಅತ್ತ ಸಾವ್ಕಾರರು ಸಾಮಾನು ಬರುವ ಪಟ್ಟಿಯ ಮುಂದೆ ನಿಂತೇ ಇದ್ದರು. ಪಟ್ಟಿ ತಿರುಗಿತು, ತಿರುಗಿತು, ನಿಂತಿತು. ಅವರ ಪೆಟ್ಟಿಗೆ ಬರಲಿಲ್ಲ. ವಿಚಾರಿಸಿದರೆ ಅದು ಬೇರೆ ಯಾವುದೋ ವಿಮಾನ ಹತ್ತಿ ಬೇರೆ ಯಾವುದೋ ದೇಶಕ್ಕೆ ಹೋಗಿತ್ತು. ನಾಲ್ಕೈದು ದಿನದಲ್ಲಿ ತಲುಪಿಸುತ್ತೇವೆ ಎಂದು ಒಂದು ಚೀಟಿ ಕೊಟ್ಟರು. ಸಾವ್ಕಾರರು ಆ ಚೀಟಿಯನ್ನು ಹಿಡಿದುಕೊಂಡು ನಮ್ಮ ಗಂಟನ್ನು ನೋಡಿದರು. ದೊಡ್ಡವ್ವ ಗಂಟನ್ನು ಈ ಹೆಗಲಿನಿಂದ ಆ ಹೆಗಲಿಗೆ ಬದಲಾಯಿಸಿಕೊಂಡಳು.

ಮೇಳದ ಮೂರು ದಿನ

ಎಲೆನ್ ತನ್ನ ಕಾರಿನಲ್ಲಿ ನಮ್ಮನ್ನು ವರ್ಜೀನಿಯಾದ ಮೇಳದ ಊರಿಗೆ ಕರೆದೊಯ್ದಳು. ಅಲ್ಲಿ ಜೋಳ ಎಲ್ಲರಿಗೂ ಗೊತ್ತು. ಹಕ್ಕಿಗೆ ಹಾಕುತ್ತಾರೆ, ದನಕ್ಕೆ ಹಾಕುತ್ತಾರೆ, ಅದರದೇ ಒಂದು ಜಾತಿಯ ದಂಟನ್ನು ಹಿಂಡಿ ಕಾಕಂಬಿ ಮಾಡುತ್ತಾರೆ. ಮನುಷ್ಯರು ಹಿಟ್ಟು ಬೀಸಿ ರೊಟ್ಟಿ ತಟ್ಟುತ್ತಾರೆ ಎಂಬುದು ಹೊಸ ಸುದ್ದಿ. ಈ ಜೋಳ ಇಲ್ಲಿಗೆ ಬಂದದ್ದು ಆಫ್ರಿಕಾದಿಂದ ಗುಲಾಮರನ್ನು ತಂದ ಹಡಗುಗಳ ಜೊತೆ ಎಂದು ಎಲೆನ್ ದಾರಿಯಲ್ಲಿ ಹೇಳಿದ್ದಳು. ಆಗಲೂ ಬೀಜದ ಚೀಲವನ್ನು ಯಾರೂ ಡಬ್ಬಿಗೆ ಹಾಕಿರಲಿಕ್ಕಿಲ್ಲ.

ದೊಡ್ಡವ್ವನಿಗೆ ಒಂದು ಕರೆಂಟಿನ ಒಲೆ ಕೊಟ್ಟರು. ಹಂಚು ಕಾಯಲು ಕಾದು ಕಾದು ಅವಳಿಗೆ ಸಿಟ್ಟು ಬಂತು. "ಬೆಂಕಿ ಎಲ್ಲಿ?" ಎಂದು ಕೇಳಿದಳು. ಬೆಂಕಿ ಒಳಗಿದೆ, ಕಾಣುವುದಿಲ್ಲ ಅಂದೆ. ಕಾಣದ ಬೆಂಕಿಯ ಮೇಲೆ ಮೊದಲನೇ ರೊಟ್ಟಿ ಸೀದು ಹೋಯಿತು, ಹೊಗೆ ಎದ್ದಿತು, ಛತ್ತಿನಲ್ಲಿ ಎಲ್ಲೋ ಅಡಗಿದ್ದ ಗಂಟೆ ಕಿರುಚಿಕೊಂಡಿತು. ಇಡೀ ಸಭಾಂಗಣದ ಜನ ಸಾಲಾಗಿ, ನಗುತ್ತ, ಹೊರಗೆ ಹೋಗಿ ಹುಲ್ಲಿನ ಮೇಲೆ ನಿಂತರು. ಕೆಂಭಾವಿ ಸಂತೆಯಲ್ಲಿ ನಿಜವಾಗಿ ಬೆಂಕಿ ಬಿದ್ದರೂ ಇಷ್ಟು ಶಿಸ್ತಿನಲ್ಲಿ ಯಾರೂ ಹೊರಗೆ ಹೋಗಲಾರರು, ಮೊದಲು ತಮ್ಮ ಮೆಣಸಿನಕಾಯಿ ಚೀಲ ಎತ್ತಿಕೊಳ್ಳುತ್ತಾರೆ. ಎಲೆನ್ ಮರುದಿನ ಬಯಲಿನಲ್ಲಿ ಮೂರು ಕಲ್ಲು ಹೂಡಿಸಿ ಕಟ್ಟಿಗೆ ತರಿಸಿದಳು. ಆಮೇಲೆ ರೊಟ್ಟಿ ಉಬ್ಬಿದವು, ಜನ ಮುಗಿಬಿದ್ದರು.

ಸಾವ್ಕಾರರು ಕೋಟು ಹಾಕಿಕೊಂಡು ಭಾಷಣ ಮಾಡಿದರು. ನಮ್ಮ ನಾಡಿನಲ್ಲಿ ರೊಟ್ಟಿಗೆ ಮೇಲು ಕೀಳಿಲ್ಲ, ಎಲ್ಲರೂ ಒಂದೇ ಪಂಕ್ತಿ ಎಂದರು. ನಾನು ಇಂಗ್ಲಿಷ್ ಮಾಡಿ ಹೇಳಬೇಕು. ನಾಲಿಗೆ ತುರಿಸಿತು, ಆದರೂ ಹೇಳಿದೆ, ನಾನು ಬಂದದ್ದೇ ಆ ಕೆಲಸಕ್ಕೆ. ಭಾಷಣ ಮುಗಿದ ಮೇಲೆ ಒಬ್ಬ ಮುದುಕಿ, ನೀವೂ ಒಂದು ತೆಗೆದುಕೊಳ್ಳಿ ಎಂದು ರೊಟ್ಟಿಯ ತಟ್ಟೆಯನ್ನು ಅವರ ಮುಂದೆ ಹಿಡಿದಳು.

"ನಂದು ಇವತ್ತು ಉಪವಾಸ ಅದ ಅಂತ ಹೇಳ್ರಿ ಟೀಚರ್."

"ನಿನ್ನಿನೂ ಉಪವಾಸ ಅಂದಿದ್ರಿ. ಯಾವ ದೇವರಿಗೆ ಅಂತ ಕೇಳಿದ್ರ ಏನ್ ಹೇಳ್ಲಿ?"

"ಯಾವದರೆ ಒಂದು ಹೆಸರು ಹೇಳ್ರಿ. ಅವರಿಗೇನು ಗೊತ್ತಾಗ್ತದ."

ಅವರು ಬದುಕಿದ್ದು ಬಾಳೆಹಣ್ಣು ಮತ್ತು ಆಲೂಗಡ್ಡೆ ಚಿಪ್ಸಿನ ಮೇಲೆ. ಬ್ರೆಡ್ಡಿನಲ್ಲಿ ತತ್ತಿ ಇರಬಹುದು ಎಂಬ ಸಂಶಯ ಈಗ ಹುಟ್ಟಿತ್ತು, ವಿಮಾನದ ಬನ್ ತಿನ್ನುವಾಗ ಹುಟ್ಟದ ಸಂಶಯ. ಜೋಳದ ರೊಟ್ಟಿ ಇಲ್ಲದೆ ಮೂರು ದಿನ ಇದ್ದರೆ ನಮ್ಮ ಕಡೆಯ ಮನುಷ್ಯನ ಕಾಲಿನ ಬಲವೇ ಹೋಗುತ್ತದೆ. ಸಾವ್ಕಾರರು ಕುರ್ಚಿ ಕಂಡಲ್ಲಿ ಕೂರತೊಡಗಿದರು. ದೊಡ್ಡವ್ವ ಮೂರು ಹೊತ್ತೂ ಅವರ ಕಣ್ಣಿಗೆ ಕಾಣುವ ಹಾಗೆ ರೊಟ್ಟಿ ಮುರಿದು ಹಿಂಡಿ ಹಚ್ಚಿ ತಿಂದಳು. ಮೊದಲ ದಿನ "ಬರ್ರಿ ಸಾವ್ಕಾರ್ರ, ಉಣ್ಣೂಣು" ಎಂದು ಕರೆದಳು. ಎರಡನೇ ದಿನವೂ ಕರೆದಳು. ಮೂರನೇ ದಿನ ಕರೆಯಲಿಲ್ಲ.

ಕೋಟೆ

ಮೇಳ ಮುಗಿದ ಮಾರನೇ ದಿನ ಎಲೆನ್ ನಮ್ಮನ್ನು ಹಳೆಯ ವಸಾಹತಿನ ನಕಲೊಂದನ್ನು ತೋರಿಸಲು ಕರೆದುಕೊಂಡು ಹೋದಳು. ನಿಜವಾದ ಜೇಮ್ಸ್‌ಟೌನ್ ಅಲ್ಲ, ಅದೇ ನದಿಯ ದಡದಲ್ಲಿ ಅದರ ಹಾಗೇ ಕಟ್ಟಿಸಿದ ಒಂದು ಕೋಟೆ. ಒಳಗೆ ಆ ಕಾಲದ ಬಟ್ಟೆ ಹಾಕಿಕೊಂಡ ಜನ ಆ ಕಾಲದ ಹಾಗೇ ಕಟ್ಟಿಗೆ ಒಡೆಯುತ್ತಾರೆ, ಬಟ್ಟೆ ಒಗೆಯುತ್ತಾರೆ, ಕೇಳಿದರೆ ಆ ಕಾಲದವರಂತೆಯೇ ಉತ್ತರ ಕೊಡುತ್ತಾರೆ. ನಮ್ಮ ಬಯಲಾಟದ ಪಾತ್ರಧಾರಿಗಳು ರಂಗದ ಹಿಂದೆ ಬಂದರೆ ಬೀಡಿ ಸೇದುತ್ತಾರೆ. ಇವರಿಗೆ ರಂಗದ ಹಿಂದೆ ಎಂಬುದೇ ಇಲ್ಲ, ಬೆಳಿಗ್ಗೆಯಿಂದ ಸಂಜೆಯತನಕ ನಾಲ್ಕು ನೂರು ವರ್ಷ ಹಿಂದೆಯೇ ಇರಬೇಕು.

ಸುರಪುರದ ಗುಡ್ಡದ ಮೇಲೆ ಗೋರಾ ಸಾಹೇಬನೊಬ್ಬ ಕಟ್ಟಿಸಿದ ಬಂಗಲೆ ನೋಡಿ ಬೆಳೆದವಳು ನಾನು. ಬ್ರಿಟಿಷರು ಅಂದರೆ ಎತ್ತರದ ಜಾಗ, ದಪ್ಪ ಗೋಡೆ, ತಂಪು ಗಾಳಿ ಎಂದೇ ನನ್ನ ಲೆಕ್ಕ. ಇಲ್ಲಿ ನೋಡಿದರೆ ಕೆಸರು ನೆಲ, ಸೊಳ್ಳೆ, ಮೂರು ಮೂಲೆಯ ಕಟ್ಟಿಗೆ ಬೇಲಿ, ಅದರೊಳಗೆ ಮಣ್ಣು ಮೆತ್ತಿದ ಗೋಡೆಯ ಹುಲ್ಲಿನ ಗುಡಿಸಲುಗಳು. ಸೂರ್ಯ ಮುಳುಗದ ಸಾಮ್ರಾಜ್ಯದ ಮೊದಲ ಓಣಿ ನಮ್ಮ ಓಣಿಗಿಂತ ಬಡವಾಗಿತ್ತು. ನನಗೆ ಸ್ವಲ್ಪ ಸಂತೋಷವೂ ಆಯಿತು, ಸುಳ್ಳು ಯಾಕೆ ಹೇಳಲಿ.

ಕೋಟೆ ತೋರಿಸುವ ಗೈಡ್ ಒಬ್ಬ ಹೆಮ್ಮೆಯಿಂದ ಕತೆ ಶುರು ಮಾಡಿದ. ಲಂಡನ್ನಿನ ಒಂದು ಕಂಪನಿ, ಮೂರು ಹಡಗು, ನೂರಕ್ಕೆ ಮೇಲ್ಪಟ್ಟು ಗಂಡಸರು. ಅವರಲ್ಲಿ ದೊಡ್ಡ ಮನೆತನದವರೇ ಬಹಳ, ಕೈ ಕೆಸರು ಮಾಡಿಕೊಂಡು ಗೊತ್ತಿಲ್ಲದವರು. ಬಂದವರೇ ಬಂಗಾರ ಹುಡುಕಲು ಹೊರಟರು. ಹೊಳೆಯುವ ಮಣ್ಣನ್ನು ಹಡಗಿಗೆ ತುಂಬಿ ಲಂಡನ್ನಿಗೆ ಕಳಿಸಿದರು, ಅಲ್ಲಿ ನೋಡಿದರೆ ಅದು ಬರೀ ಮಣ್ಣು. ಕುಡಿಯಲು ನದಿಯ ನೀರು, ಸಮುದ್ರ ಹತ್ತಿರವಾದ್ದರಿಂದ ಬೇಸಿಗೆಯಲ್ಲಿ ಅದೂ ಉಪ್ಪು. ದೊಡ್ಡವ್ವನಿಗೆ ನಾನು ಒಂದೊಂದೇ ಹೇಳುತ್ತ ಹೋದೆ.

"ಬಿತ್ತೋ ಹೊತ್ತಿನ್ಯಾಗ ಮಣ್ಣು ಜರಡಿ ಹಿಡಿಯಾಕ ಹೋದ್ರೇನು?"

"ಹೌದಂತ."

"ಮತ್ತ ಏನ್ ತಿಂದ್ರು?"

ಅಲ್ಲಿಯ ಮೂಲ ಜನರ ಮೆಕ್ಕೆಜೋಳ, ಅಂದೆ. ತಾಮ್ರದ ಚೂರು, ಗಾಜಿನ ಮಣಿ ಕೊಟ್ಟು ಇಸಿದುಕೊಂಡು ತಿಂದರು. ಅವರು ಕೊಡದಿದ್ದಾಗ ಬಂದೂಕು ತೋರಿಸಿ ತಿಂದರು. ಆಮೇಲೆ ಜಗಳ ಬೆಳೆದು ಕೊಡುವ ಕೈ ನಿಂತುಹೋಯಿತು, ಒಂದು ಚಳಿಗಾಲ ಕುದುರೆ, ನಾಯಿ, ಇಲಿ, ಚಪ್ಪಲಿಯ ಚರ್ಮ ಎಲ್ಲ ತಿಂದು ಮುಗಿಸಿ ಸತ್ತರು. ಉಳಿದವರು ಮುಂದೆ ಹೊಗೆಸೊಪ್ಪು ಬೆಳೆದು ಶ್ರೀಮಂತರಾದರು, ಅನ್ನ ಕೊಟ್ಟವರ ನೆಲ ಇವರದಾಯಿತು. ದುಡಿಯಲು ಆಫ್ರಿಕಾದ ಜನರನ್ನು ತಂದರು. ಗೈಡ್ ಈ ಕೊನೆಯ ಭಾಗವನ್ನು ಬಹಳ ಬೇಗ ಹೇಳಿ ಮುಗಿಸಿದ, ನಾನು ನಿಧಾನವಾಗಿ ಅನುವಾದಿಸಿದೆ.

ಆ ಮೂಲ ಜನರ ಮನೆಗಳು ಎಲ್ಲಿ ಎಂದು ದೊಡ್ಡವ್ವ ಕೇಳಿದಳು. ಗೈಡ್ ಬೇಲಿಯ ಆಚೆ ಕೈ ಮಾಡಿದ. ದೂರದಲ್ಲಿ ಮರಗಳ ಕೆಳಗೆ ಚಾಪೆ ಹೊದಿಸಿದ ನಾಲ್ಕು ಗುಡಿಸಲು.

"ಇವರ ಕೇರಿನೂ ಊರ ಹೊರಗೇ ಐತಲ್ಲ," ಅಂದಳು ದೊಡ್ಡವ್ವ. ಅವರ ನೆಲದಲ್ಲಿ ಊರು ಕಟ್ಟಿದ ಮೇಲೂ ಅವರೇ ಊರ ಹೊರಗೆ. ಸಾವ್ಕಾರರು ಅಲ್ಲೇ ಒಂದು ಫಿರಂಗಿಯ ಮೇಲೆ ಕೈಯೂರಿ ನಿಂತು ಬಾಳೆಹಣ್ಣು ಸುಲಿಯುತ್ತಿದ್ದರು, ಈ ಮಾತು ಅವರಿಗೆ ಕೇಳಿಸಿತು, ಕೇಳಿಸದವರ ಹಾಗೆ ಆ ಕಡೆ ತಿರುಗಿದರು.

ಒಂದು ಗುಡಿಸಲ ಮುಂದೆ ಎಳೆಯ ವಯಸ್ಸಿನ, ಹರಕು ಅಂಗಿಯ ಬಿಳಿಯನೊಬ್ಬ ಮೆಕ್ಕೆಜೋಳ ಕುಟ್ಟುತ್ತಿದ್ದ. ಹೆಸರು ಥಾಮಸ್ ಅಂದ, ಕಂಪನಿಯ ಕೂಲಿಯಾಳು. ನಮ್ಮನ್ನು ಕಂಡು ಒನಕೆ ನಿಲ್ಲಿಸಿ ಗೋಳು ಹೇಳಿಕೊಂಡ: ಹಡಗು ಬಂದು ಎಷ್ಟೋ ತಿಂಗಳಾಯಿತು, ಉಗ್ರಾಣ ಬರಿದಾಗಿದೆ, ಎರಡು ದಿನದಿಂದ ಹೊಟ್ಟೆಗಿಲ್ಲ. ಆಟ ಚೆನ್ನಾಗಿ ಆಡಿದ, ಕಣ್ಣಲ್ಲಿ ನೀರೂ ಬಂತು. ದೊಡ್ಡವ್ವನಿಗೆ ಅದು ಆಟ ಎಂದು ಗೊತ್ತಿತ್ತು. ಆದರೆ ಎದುರು ನಿಂತವನು ಉಂಡಿಲ್ಲ ಅಂದ ಮೇಲೆ ಸುಮ್ಮನೆ ನಿಲ್ಲುವುದು ಅವಳಿಗೆ ಬರುವುದಿಲ್ಲ, ಆಟದಲ್ಲಿ ಅಂದರೂ ಅಷ್ಟೇ. ಗಂಟು ಬಿಚ್ಚಿ ಒಂದು ರೊಟ್ಟಿ ತೆಗೆದು ಹಿಂಡಿ ಸವರಿ ಅವನ ಮುಂದೆ ಹಿಡಿದಳು.

ಥಾಮಸ್ ಕೈ ಹಿಂದಕ್ಕೆ ಎಳೆದುಕೊಂಡ. ಎರಡು ಹೆಜ್ಜೆ ಹಿಂದೆ ಸರಿದ. ತಲೆ ಅಲ್ಲಾಡಿಸಿ, ತೆಗೆದುಕೊಳ್ಳುವಂತಿಲ್ಲ, ಕ್ಷಮಿಸಿ ಅಂದ.

ದೊಡ್ಡವ್ವನ ಕೈ ಹಾಗೇ ಚಾಚಿಕೊಂಡಿತ್ತು. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ಸಮುದ್ರ ದಾಟಿ ಇಷ್ಟು ದೂರ ಬಂದು, ಜಾತಿ ಅಂದರೇನು ಎಂದೇ ಗೊತ್ತಿಲ್ಲದ ದೇಶದಲ್ಲಿ, ಹೊಟ್ಟೆಗಿಲ್ಲ ಎಂದು ಆಟ ಆಡುವವನೂ ಅವಳ ರೊಟ್ಟಿ ಕಂಡು ಹಿಂದೆ ಸರಿದಿದ್ದ. ನನಗೆ ಅಳು ಬಂತು, ಅಳುವಿಗಿಂತ ಸಿಟ್ಟು ಹೆಚ್ಚು ಬಂತು. ಫಿರಂಗಿಯ ಹತ್ತಿರ ಸಾವ್ಕಾರರು ಬಾಳೆಹಣ್ಣು ತಿನ್ನುವುದನ್ನು ನಿಲ್ಲಿಸಿ ನೋಡುತ್ತಿದ್ದರು.

ಎಲೆನ್ ಓಡಿ ಬಂದು ವಿವರಿಸಿದಳು. ಕೋಟೆಯೊಳಗೆ ಕೆಲಸದ ಹೊತ್ತಿನಲ್ಲಿ ಹೊರಗಿನವರ ತಿನಿಸು ಮುಟ್ಟಬಾರದು, ಅದು ಇವರ ನೌಕರಿಯ ನಿಯಮ, ಬೇರೇನೂ ಇಲ್ಲ. ನಾನು ದೊಡ್ಡವ್ವನಿಗೆ ಅದನ್ನೇ ಹೇಳಿದೆ.

"ನಿಯಮ ಎಲ್ಲಾ ಕಡಿ ಐತಿ ಬಿಡವ್ವ," ಅಂದಳು. "ನಮ್ಮ ಕೈ ಮುಂದ ಬಂದಾಗ ಎಲ್ಲಾರಿಗೂ ನಿಯಮ ನೆನಪಾಗ್ತದ."

ರೊಟ್ಟಿಯನ್ನು ಮತ್ತೆ ಗಂಟಿನಲ್ಲಿಟ್ಟು ಕೋಟೆಯ ಬಾಗಿಲ ಕಡೆ ನಡೆದಳು.

ಬಾಗಿಲ ಹೊರಗಿನ ಬೆಂಚು

ಹೊರಗೆ ಕಾರು ನಿಲ್ಲಿಸುವ ಬಯಲಿನ ಪಕ್ಕ ಕಟ್ಟಿಗೆಯ ಬೆಂಚುಗಳಿದ್ದವು. ಊಟದ ಹೊತ್ತು. ದೊಡ್ಡವ್ವ ಗಂಟು ಮಡಿಲಲ್ಲಿಟ್ಟುಕೊಂಡು ಕುಂತಳು, ತಿನ್ನಲಿಲ್ಲ. ಸಾವ್ಕಾರರು ಇನ್ನೊಂದು ಬೆಂಚಿನ ಮೇಲೆ ಚಿಪ್ಸಿನ ಪಾಕೀಟು ಒಡೆದರು, ಒಂದು ಬಾಯಿಗೆ ಹಾಕಿಕೊಂಡು ಮುಖ ಕಿವುಚಿ ಪಾಕೀಟು ಕೆಳಗಿಟ್ಟರು.

ಆಗ ಥಾಮಸ್ ಬಂದ. ಅದೇ ಹರಕು ಅಂಗಿ, ಆದರೆ ಕೈಯಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ. ನೇರವಾಗಿ ದೊಡ್ಡವ್ವನ ಮುಂದೆ ನಿಂತು, ನನ್ನ ಊಟದ ಬಿಡುವು ಈಗ ಶುರುವಾಯಿತು, ಬೆಳಿಗ್ಗೆಯಿಂದ ನಿಜವಾಗಿಯೂ ಏನೂ ತಿಂದಿಲ್ಲ, ಆ ರೊಟ್ಟಿ ಇನ್ನೂ ಇದೆಯೇ ಎಂದು ಕೇಳಿದ.

ನಾನು ಹೇಳುವ ಮೊದಲೇ ದೊಡ್ಡವ್ವನಿಗೆ ತಿಳಿಯಿತು. ಗಂಟು ಬಿಚ್ಚಿದಳು. ಅವನು ಅವಳ ಪಕ್ಕದಲ್ಲೇ, ಮೊಣಕೈಗೆ ಮೊಣಕೈ ತಾಕುವಷ್ಟು ಹತ್ತಿರ ಕುಂತ. ರೊಟ್ಟಿ ಹೇಗೆ ಮುರಿಯಬೇಕೆಂದು ಅವಳು ತೋರಿಸಿಕೊಟ್ಟಳು. ಹಿಂಡಿಯ ಖಾರಕ್ಕೆ ಅವನ ಕಿವಿ ಕೆಂಪಾದವು, ಮೂಗು ಸೋರಿತು, ಕೆಮ್ಮು ಬಂತು, ಆದರೂ ಕೈ ನಿಲ್ಲಲಿಲ್ಲ. ದೊಡ್ಡವ್ವ ಅವನ ಬೆನ್ನು ಚಪ್ಪರಿಸಿದಳು. "ಸಾವಕಾಶ ತಿನ್ನಪ್ಪ, ಯಾರೂ ಕಸಗೊಳ್ಳಂಗಿಲ್ಲ" ಅಂದಳು, ಕನ್ನಡದಲ್ಲೇ. ಅವನು ತಲೆಯಾಡಿಸಿ ಎರಡನೆಯದಕ್ಕೆ ಕೈ ಚಾಚಿದ.

ಸಾವ್ಕಾರರು ನೋಡುತ್ತಿದ್ದರು. ರೊಟ್ಟಿ ಮುರಿಯುವ ಸದ್ದು ನಮ್ಮ ಕಡೆಯವರ ಕಿವಿಗೆ ಎಷ್ಟು ದೂರದಿಂದಲೂ ಕೇಳಿಸುತ್ತದೆ. ಅವರು ಎದ್ದರು, ಕುಂತರು, ಮತ್ತೆ ಎದ್ದು ಸುತ್ತ ನೋಡಿದರು. ಶಹಾಪುರದವರು ಯಾರೂ ಇಲ್ಲ ಎಂಬುದು ಖಾತ್ರಿಯಾದ ಮೇಲೆ ನಮ್ಮ ಬೆಂಚಿನ ಹತ್ತಿರ ಬಂದರು.

"ಮಲ್ಲವ್ವ, ಇನ್ನ ಎಷ್ಟು ಅದಾವ?"

"ಬೇಕಾದಷ್ಟು ಅದಾವ."

"ಒಂದು... ಅಲ್ಲಿ ಆ ಪೇಪರಿನ ಮ್ಯಾಲ ಇಡು. ನಾ ತಗೋತೀನಿ."

ದೊಡ್ಡವ್ವ ರೊಟ್ಟಿ ತೆಗೆದಳು, ಪೇಪರಿನ ಮೇಲೆ ಇಡಲಿಲ್ಲ. ಎದ್ದು ನಿಂತಳು. ಈಗ ಮೇಲಿಂದ ಹಾಕುತ್ತಾಳೆ ಅಂದುಕೊಂಡೆ. ಹಾಕಲಿ, ಬಹಳ ಎತ್ತರದಿಂದ ಹಾಕಲಿ, ಚೂರು ಚೂರಾಗಲಿ, ಇವರು ಬಗ್ಗಿ ಆರಿಸಿ ತಿನ್ನಲಿ ಎಂದು ಮನಸ್ಸು ಪೂರ್ತಿ ಬಯಸಿದೆ.

"ಕೈ ಮುಂದ ಮಾಡ್ರಿ," ಅಂದಳು.

ಸಾವ್ಕಾರರು ಥಾಮಸ್‌ನನ್ನು ನೋಡಿದರು, ಎಲೆನ್‌ಳನ್ನು ನೋಡಿದರು. ಎಲೆನ್ ನಗುತ್ತ, ಇವತ್ತು ಉಪವಾಸ ಇಲ್ಲವೇ ಎಂದು ಕೇಳಿದಳು. ಸಾವ್ಕಾರರು ಎರಡೂ ಕೈ ಮುಂದೆ ಮಾಡಿದರು. ದೊಡ್ಡವ್ವ ರೊಟ್ಟಿಯನ್ನು ಅವರ ಅಂಗೈಯ ಮೇಲಿಟ್ಟು, ತನ್ನ ಕೈಯಿಂದ ಒಂದು ಸಲ ಒತ್ತಿ ಬಿಟ್ಟಳು. ರೊಟ್ಟಿ ಬೀಳಲಿಲ್ಲ. ಸಾವ್ಕಾರರು ಅವಳ ಎದುರಿನ ಬೆಂಚಿನ ಮೇಲೆ ಕುಂತು ಮುರಿದು ಬಾಯಿಗಿಟ್ಟರು. ಮೊದಲನೆಯದು ತಲೆ ತಗ್ಗಿಸಿ ತಿಂದರು. ಎರಡನೆಯದು ತಲೆ ಎತ್ತಿ ತಿಂದರು. ಮೂರನೆಯದಕ್ಕೆ ತಾವಾಗಿಯೇ ಕೈ ಚಾಚಿ "ಹಿಂಡಿ ಬಾಳ ಚೊಲೋ ಆಗ್ಯದ, ಇನ್ನೊಂದಿಷ್ಟು ಹಾಕ್ರಿ" ಅಂದರು. ಆ 'ರಿ' ಅವರಿಗೆ ಗೊತ್ತಿಲ್ಲದೆ ಬಾಯಿಂದ ಜಾರಿ ಬಂದಿತ್ತು. ನಾಲ್ಕು ರೊಟ್ಟಿ ತಿಂದು ನೀರು ಕುಡಿದು ತೇಗಿದರು. ಗ್ಯಾಸಿನ ಸುದ್ದಿಯೇ ಇರಲಿಲ್ಲ.

ಮರಳಿ ಕಾರಿನ ಕಡೆ ನಡೆಯುವಾಗ ನಾನು ದೊಡ್ಡವ್ವನನ್ನು ಕೇಳಿದೆ. ಮೇಲಿಂದ ಯಾಕೆ ಹಾಕಲಿಲ್ಲ? ಅಷ್ಟು ವರ್ಷ ಕಾದದ್ದು ಯಾಕೆ?

"ಹಾಂಗ ಹಾಕಿದ್ರ ರೊಟ್ಟಿ ಮುರೀತಾವ. ನಾ ಮಾಡಿದ ರೊಟ್ಟಿ ನಾನೇ ಯಾಕ ಮುರೀಲಿ?"

ಅವಳು ಖುಷಿಯಾಗಿದ್ದಳು. ಕಾರಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು, ಗಂಟು ಹಗುರಾಗಿತ್ತು.

ಮತ್ತೆ ಯಾದಗಿರಿ

ಸಾವ್ಕಾರರ ಪೆಟ್ಟಿಗೆ ನಾವು ಹೊರಡುವ ಹಿಂದಿನ ದಿನ ಬಂತು. ತುಪ್ಪ ಚೆಲ್ಲಿ ಹೋಳಿಗೆಯೆಲ್ಲ ಮುದ್ದೆಯಾಗಿದ್ದವು. ಅವರಿಗೆ ಅದರ ಹಂಗೇ ಇರಲಿಲ್ಲ, ಕೋಟೆ ನೋಡಿದ ದಿನದಿಂದ ನಮ್ಮ ಗಂಟಿನಲ್ಲೇ ಉಂಡಿದ್ದರು. ದೊಡ್ಡವ್ವ ಕೊಟ್ಟಳು, ಅವರು ತಿಂದರು, ಕೊಂಕಲ್‌ನ ಹೊಲದ ಬಗ್ಗೆ ಇಬ್ಬರೂ ಮಾತಾಡಿದರು. ಜೇಮ್ಸ್‌ಟೌನಿನವರೂ ಮೆಕ್ಕೆಜೋಳ ತಿನ್ನುವಷ್ಟು ದಿನ ನೆರೆಯವರೊಡನೆ ಚೆನ್ನಾಗಿಯೇ ಇದ್ದರು ಎಂದು ನನಗೆ ನೆನಪಾಗುತ್ತಿತ್ತು. ದೊಡ್ಡವ್ವನ ಸಂತೋಷ ಕೆಡಿಸಬಾರದೆಂದು ಬಾಯಿ ಬಿಡಲಿಲ್ಲ.

ಹೈದರಾಬಾದಿನಿಂದ ರೈಲಿನಲ್ಲಿ ಬರುವಾಗ ನಮ್ಮ ಸೀಮೆ ಶುರುವಾಗುವ ವಾಡಿ ಸ್ಟೇಷನ್ ದಾಟಿದ ಕೂಡಲೇ ಸಾವ್ಕಾರರು ಎದ್ದು ಬೇರೆ ಸೀಟಿಗೆ ಹೋದರು. ಕೊನೆಯ ರೊಟ್ಟಿಯನ್ನು ದೊಡ್ಡವ್ವ ಮುಂದೆ ಹಿಡಿದಾಗ ಹೊಟ್ಟೆ ಸವರಿಕೊಂಡರು.

ಯಾದಗಿರಿಯಲ್ಲಿ ಅವರ ಕಡೆಯವರು ಹಾರ ತಂದಿದ್ದರು. ಶಾಲು ಬಂತು, ಫೋಟೋದವನೂ ಬಂದಿದ್ದ. ಅಮೆರಿಕದಲ್ಲಿ ನಮ್ಮ ರೊಟ್ಟಿಯ ಕೀರ್ತಿ ಪತಾಕೆ ಹಾರಿಸಿ ಬಂದವರ ಸುತ್ತ ಜನ ನಿಂತರು. ನಾವು ಪ್ಲಾಟ್‌ಫಾರ್ಮಿನ ಕೊನೆಯಲ್ಲಿ ಗಂಟು ಇಳಿಸಿಕೊಂಡು ಶಹಾಪುರದ ಬಸ್ಸಿಗೆ ಹೋಗಲು ಆಟೋ ಹುಡುಕುತ್ತಿದ್ದೆವು. ಸಾವ್ಕಾರರು ಹಾರ ಹಾಕಿಕೊಂಡೇ ಜನರಿಂದ ಬಿಡಿಸಿಕೊಂಡು ನಮ್ಮತ್ತ ಬಂದರು. ಮೂರು ಮಾರು ದೂರದಲ್ಲಿ ನಿಂತರು.

"ಏ ಮಲ್ಲವ್ವ, ಅಲ್ಲಿದು ಅಲ್ಲೇ ಆತು. ಊರಾಗ ಯಾರ ಮುಂದೂ ಬಾಯಿ ಬಿಡಬ್ಯಾಡ ಮತ್ತ. ತಿಳೀತಿಲ್ಲೋ?"

ನಾನು ಬಾಯಿ ತೆರೆದೆ. ದೊಡ್ಡವ್ವ ನನ್ನ ಕೈ ಹಿಡಿದು ತಡೆದಳು. ಸೆರಗು ಸರಿ ಮಾಡಿಕೊಂಡು, ಹತ್ತು ದಿನದಲ್ಲಿ ಮೊದಲ ಸಲ ನಕ್ಕಳು.

"ನಾ ಎಲ್ಲಿ ಹೇಳ್ಲಿರಿ ಸಾವ್ಕಾರ್ರ. ನಿಮ್ಮ ಅಪ್ಪ ನಮ್ಮನ್ನ ಸಾಲಿಗೆ ಕಳಿಸದೇ ಹೊಲಕ್ಕ ಕರಿಸ್ಕೊಂಡ. ನನಗ ಓದು ಬರಹ ಬರಂಗಿಲ್ಲ. ನಮ್ಮ ಸುಜಾತಾಗ ಬರ್ತದ."